ಅಕ್ಕಿ ಡಬ್ಬಿಯ ಘೇಂಡಾಮೃಗ

ನಮ್ಮ ಮನೆಯ ಅಕ್ಕಿ ಡಬ್ಬಿಯ ತಳದಲ್ಲಿ ಮೊನ್ನೆ ಮೊನ್ನೆಯವರೆಗೆ ಒಂದು ಘೇಂಡಾಮೃಗ ಮಲಗಿತ್ತು. ಗಾಬರಿಯಾಗಬೇಡಿ, ಅದು ನೇಪಾಳದ ನೂರು ರೂಪಾಯಿ ನೋಟಿನ ಮೇಲಿನ ಚಿತ್ರ. ನಮ್ಮೂರು ಚಿಗಳ್ಳಿಯ ಯಾವ ಅಂಗಡಿಯಲ್ಲೂ ಆ ನೋಟಿಗೆ ಒಂದು ಬೆಂಕಿಪೆಟ್ಟಿಗೆಯೂ ಸಿಗದು. ಆದರೂ ಡಬ್ಬಿ ಒರೆಸಿದಾಗಲೆಲ್ಲ ಒಂದು ಹಿಡಿ ಹಳೆಯ ಅಕ್ಕಿಯ ಜೊತೆ ಅದನ್ನು ಮೊದಲು ಇಟ್ಟು, ಆಮೇಲೆಯೇ ಹೊಸ ಅಕ್ಕಿ ಸುರಿಯುತ್ತಿದ್ದೆ. ಡಬ್ಬಿಯನ್ನು ಪೂರ್ತಿ ಬರಿದು ಮಾಡಬಾರದು ಎನ್ನುವುದು ಅವ್ವನ ಕಟ್ಟುನಿಟ್ಟು.

ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಚಹಾದಂಗಡಿ ಇಟ್ಟಿರುವ ಮಾಯಾ ನೇಪಾಳದವಳು. ನಮ್ಮ ಕಡೆಯ ಮಾತನ್ನು ನಮ್ಮಷ್ಟೇ ಸಲೀಸಾಗಿ ಆಡುತ್ತಾಳೆ. ಅವಳಿಗೆ ಹಾಲು ಕೊಡುತ್ತಿದ್ದವಳು ಅವ್ವ. ಪಶುಪತಿನಾಥನನ್ನು ಕಣ್ಣಾರೆ ನೋಡಬೇಕೆಂಬ ಅವ್ವನ ಹಂಬಲ ಗೊತ್ತಿದ್ದ ಅವಳು ಒಂದು ಬೇಸಗೆಯಲ್ಲಿ ತವರಿಗೆ ಹೊರಟಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಗೋರಖಪುರದವರೆಗೆ ರೈಲು, ಅಲ್ಲಿಂದ ಬಸ್ಸು. ಗಡಿ ಎಂದರೆ ಏನೋ ಎಂದುಕೊಂಡಿದ್ದೆ; ಅದೊಂದು ಕಮಾನು, ಈಚೆಯ ಧೂಳೇ ಆಚೆಗೂ ಹಾರುತ್ತಿತ್ತು. ಬದಲಾದದ್ದು ದುಡ್ಡು ಮಾತ್ರ. ನಮ್ಮ ಐದುನೂರರ ನೋಟು ಆಗ ಅಲ್ಲಿ ನಡೆಯುತ್ತಿರಲಿಲ್ಲವಾದ್ದರಿಂದ, ಮಾಯಾ ಮೊದಲೇ ಹೇಳಿದಂತೆ ಬರೀ ನೂರರ ನೋಟು ಒಯ್ದಿದ್ದೆವು. ನೋಟು ಬದಲಿಸುವವನು ಒಂದು ನೂರಕ್ಕೆ ನೂರ ಅರವತ್ತು ಎಣಿಸಿ ಕೊಟ್ಟಾಗ ಅವ್ವ ಗಾಬರಿಯಾದಳು.

“ಏ, ಅವಂಗ ತಿರುಗಿ ಕೊಡ! ಪಾಪ, ಹೆಚ್ಚ ಕೊಟ್ಟಾನ. ಮನ್ಯಾಗ ಬೈಸ್ಕೋತಾನ.”

“ಹೆಚ್ಚಲ್ಲರೀ ಅವ್ವಾರ,” ಮಾಯಾ ನಕ್ಕಳು, “ನಮ್ಮ ರೂಪಾಯಿ ಸಣ್ಣದೈತಿ.”

“ಸಣ್ಣದಿದ್ರೇನಾತು? ನಿಮ್ಮ ದೇವ್ರು ದೊಡ್ಡಾಂವ ಬಿಡು,” ಎಂದು ಅವ್ವ ಸಮಾಧಾನ ಹೇಳಿದಳು. ಆದರೆ ದೇವಸ್ಥಾನದ ಹತ್ತಿರ ಚಹಾದ ದರ ಕೇಳಿದಾಗ ಆ ಸಮಾಧಾನ ಉಳಿಯಲಿಲ್ಲ. “ಕೊಟ್ಟದ್ದೆಲ್ಲಾ ಚಾದಾಗ ತಿರುಗಿ ಇಸಗೊಂಡ್ರು ನೋಡವ್ವಾ!”

ಮಾಯಾಳ ಜೊತೆಗೇ ಮರಳುವಾಗ, ಗಡಿಯಲ್ಲಿ, ಉಳಿದ ಒಂದು ಘೇಂಡಾಮೃಗದ ನೋಟನ್ನು ಬದಲಿಸಲು ಹೊರಟೆ. ಅವ್ವ ಅದನ್ನು ನನ್ನ ಕೈಯಿಂದ ಎಳೆದುಕೊಂಡಳು. “ಇರ್ಲಿ, ಡಬ್ಬಿ ಬರಿದ ಮಾಡಬಾರ್ದು. ಮತ್ತ ಬರೂಣು.”

ಆ ಕೊನೆಯ ಮಾತು ಅವ್ವನದೇ? ಅವಳು ಹೋಗಿ ಎರಡು ಮಳೆಗಾಲ ಕಳೆದವು, ಈಗ ನನಗೆ ಅನುಮಾನ. ಅಂದಿನ ದಿನಚರಿಯಲ್ಲಿ ಸೆಕೆಯ ಬಗ್ಗೆ, ತಡವಾದ ಬಸ್ಸಿನ ಬಗ್ಗೆ ಬರೆದಿದ್ದೇನೆ. ಅವ್ವನ ಮಾತು ಒಂದೂ ಇಲ್ಲ. ನೆನಪೂ ಗಡಿಯಲ್ಲಿ ಕುಳಿತು ನೋಟು ಬದಲಿಸುವವನೇ ಇರಬೇಕು: ನಾವು ಕೊಟ್ಟದ್ದಕ್ಕಿಂತ ಹೆಚ್ಚು ಎಣಿಸಿ ಕೊಡುತ್ತಾನೆ. ತಿರುಗಿ ಕೊಡಲು ಅವ್ವನಿಗಿದ್ದ ಅವಸರ ನಮಗಿಲ್ಲ.

ಈ ವರ್ಷ ಮಾಯಾ ಮತ್ತೆ ಊರಿಗೆ ಹೊರಟಾಗ ತಡೆಯಲಾರದೆ ಕೇಳಿಯೇಬಿಟ್ಟೆ.

“ಮತ್ತ ಬರೂಣು ಅಂದಾಕಿ ನಾನು, ತಂಗಿ,” ಎಂದಳು. “ನಿಮ್ಮವ್ವ ಹೂಂ ಅಂದ್ರು, ಅಷ್ಟ.”

ಇಷ್ಟು ದಿನ ನಾನು ಕಾಪಾಡಿಕೊಂಡು ಬಂದ ಮಾತು ಅವ್ವನದಾಗಿರಲಿಲ್ಲ. ಉಳಿದದ್ದು ಒಂದು ‘ಹೂಂ’. ನನ್ನ ಮುಖ ನೋಡಿ ಮಾಯಾ ಕೈ ಚಾಚಿದಳು. “ಆ ನೋಟು ಕೊಡು. ಗುಡಿ ಹತ್ರದ ಆ ಚಾದಂಗಡ್ಯಾಗ ಅವ್ವಾರ ಹೆಸರ್ಲೆ ಚಾ ಕುಡದು ಬರ್ತೇನಿ.” ಕೊಟ್ಟರೆ ಡಬ್ಬಿ ಬರಿದಾಗುತ್ತದೆ, ಅವ್ವ ಕೈಯಾರೆ ಉಳಿಸಿದ್ದು ಅದೊಂದೇ. ಆದರೆ ನಾನು ಬಚ್ಚಿಟ್ಟಿದ್ದು ಅವ್ವನ ಆಸೆಯನ್ನೋ, ಅವಳಿಲ್ಲದ ನನ್ನ ಭಯವನ್ನೋ? ತಡೆತಡೆದು ಕೊಟ್ಟೆ. ಆ ರಾತ್ರಿ ಅನ್ನಕ್ಕೆ ಅಕ್ಕಿ ಅಳೆಯುವಾಗ ಕೈ ತಳಕ್ಕೆ ಇಳಿಯಲು ಹಿಂಜರಿಯಿತು.

ಮಾಯಾ ತಿಂಗಳ ಮೇಲೆ ಬಂದಳು. “ಎರಡ ಚಾ ಹೇಳಿದ್ದೆ. ಅವ್ವಾರದು ಆರಿಹೋತು. ರೊಕ್ಕ ಕೊಟ್ಟದ್ದಲ್ಲಾ, ಅದನ್ನೂ ನಾನ ಕುಡದೆ.” ಆಮೇಲೆ ಸೆರಗಿನ ಗಂಟು ಬಿಚ್ಚಿ ನೇಪಾಳದ ಹತ್ತು ರೂಪಾಯಿಯ ನೋಟೊಂದನ್ನು ನನ್ನ ಅಂಗೈಯಲ್ಲಿಟ್ಟಳು. “ಪೂರ್ತಿ ಖರ್ಚ ಮಾಡ್ಲಿಲ್ಲ ನೋಡು. ಡಬ್ಬಿ ಬರಿದ ಮಾಡಬಾರ್ದಲ್ಲ? ಮುಂದಿನ ಸಲ ನೀನೂ ಬಾ.”

ನೋಟಿನ ಮೇಲೆ ಕೃಷ್ಣಮೃಗಗಳಿದ್ದವು, ರಾಣೆಬೆನ್ನೂರಿನ ಕಡೆ ನಾವೇ ಕಂಡಂಥವು. ನಾನು “ಹೂಂ” ಎಂದೆ. ಅವ್ವನ ಹೂಂ ಹೀಗೇ ಇತ್ತೋ ಏನೋ, ಗೊತ್ತಿಲ್ಲ. ಮನೆಗೆ ಬಂದು, ಡಬ್ಬಿಯ ತಳದಲ್ಲಿ ಹಿಡಿ ಅಕ್ಕಿಯ ಜೊತೆ ಆ ಕೃಷ್ಣಮೃಗಗಳನ್ನು ಮಲಗಿಸಿ, ಮೇಲೆ ಹೊಸ ಅಕ್ಕಿ ಸುರಿದೆ.