ಬರೀ ಬಂಡೆಯ ಫೋಟೊ

"ಸ್ವಲ್ಪ ತಡಿಯಮ್ಮ, ನಾವು ನಿಂತ್ಕೋತೀವಿ" ಎನ್ನುತ್ತಾ ಹಸಿರು ಸೀರೆಯ ಅಜ್ಜಿಯೊಬ್ಬರು ಲೀನಾಳ ಕ್ಯಾಮೆರಾದ ಎದುರಿಗೆ ಬಂದು ನಿಂತೇಬಿಟ್ಟರು. ಹಿಂದೆಯೇ ಅವರ ಮಗ, ಸೊಸೆ, ಮೊಮ್ಮಕ್ಕಳು.

ಅದು ಭಾನುವಾರ ಬೆಳಿಗ್ಗೆ, ಲಾಲ್‌ಬಾಗಿನ ಬಂಡೆಯ ಮೇಲೆ. ಲೀನಾ ಭೂವಿಜ್ಞಾನ ಓದಲು ಜರ್ಮನಿಯಿಂದ ಬಂದು, ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ. ಬಂಡೆ ಮತ್ತು ಅದರ ಮೇಲಿನ ಕೆಂಪೇಗೌಡ ಗೋಪುರ ಮಾತ್ರ ಇರುವ ಒಂದು ಫೋಟೊವನ್ನು ಅವಳು ಸೋಮವಾರ ಕಾಲೇಜಿಗೆ ಕೊಡಲೇಬೇಕಿತ್ತು.

"ಅಜ್ಜಿ, ಅವಳಿಗೆ ಬರೀ ಬಂಡೆ ಸಾಕಂತೆ" ಎಂದೆ, ಅವಳ ಜೊತೆ ಬಂದಿದ್ದ ನಾನು.

"ಪಾಪ, ಜೊತೇಲಿ ಮನೆಯೋರು ಯಾರೂ ಇಲ್ವಲ್ಲ, ಅದಕ್ಕೇ ಹಂಗಂತಾಳೆ. ಬರೀ ಬಂಡೆ ಫೋಟೊ ಕಳಿಸಿದ್ರೆ ಇವಳಮ್ಮ ಕಣ್ಣೀರು ಹಾಕಲ್ವಾ?" ಎಂದ ಅಜ್ಜಿ, ವಾಕಿಂಗ್ ಮುಗಿಸಿ ಹೋಗುತ್ತಿದ್ದ ಇಬ್ಬರು ಅಂಕಲ್‌ಗಳನ್ನೂ ಕರೆದರು. ಅವರು ಟೋಪಿ ಸರಿಮಾಡಿಕೊಂಡು ಬಂದರು. ಲೀನಾ ಎಡಕ್ಕೆ ಸರಿದರೆ ಎಲ್ಲರೂ ಎಡಕ್ಕೆ ಸರಿದರು. ಅವಳು ಬಲಕ್ಕೆ ಹೋದರೆ ಅಷ್ಟೂ ಜನ ಬಲಕ್ಕೆ. ಬಿಸಿಲು ಏರಿತು. ಕೊನೆಗೆ ಅವಳು ಸೋತು ಕ್ಲಿಕ್ ಮಾಡಿದಳು.

ಸೋಮವಾರ ಅವಳ ಮೇಷ್ಟ್ರು, ಜನ ನಿಂತಿದ್ದರಿಂದಲೇ ಬಂಡೆ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ ಎಂದು ಮೆಚ್ಚಿಕೊಂಡರಂತೆ.

ಆ ಜನರನ್ನು ಸರಿಸಲು ನಾನು ಬಹಳ ಒದ್ದಾಡಿದೆ ಎಂದೇ ಎಲ್ಲರಿಗೂ ಹೇಳುತ್ತಾ ಬಂದಿದ್ದೆ. ಮೊನ್ನೆ ಲೀನಾ ಫೋಟೊ ಪ್ರಿಂಟ್ ಹಾಕಿಸಿ ಕೊಟ್ಟಳು. ಅಜ್ಜಿಯ ಸೀರೆ ಹಸಿರಲ್ಲ, ನೀಲಿ. ಅವರ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಹಲ್ಲು ಬಿಡುತ್ತಿರುವುದು ನಾನೇ.