ನಾಡಿ ನೋಡಿ ಹಾಡು ಹಾಕುವುದು

ನಾನು ಡಿಜೆ. ಈ ಮಾತನ್ನು ಬಂಗಾರಪೇಟೆಯಲ್ಲಿ ಹೇಳಿದರೆ ಜನ ನನ್ನ ಮುಖ ನೋಡುವುದಿಲ್ಲ, ನನ್ನ ಬೆನ್ನ ಹಿಂದೆ ಟ್ರ್ಯಾಕ್ಟರ್ ಎಲ್ಲಿದೆ ಎಂದು ಹುಡುಕುತ್ತಾರೆ. ನಮ್ಮ ಕಡೆ ಡಿಜೆ ಎಂದರೆ ಮನುಷ್ಯರಲ್ಲ, ಸಾಮಾನು. ಗಣೇಶನ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಆಳೆತ್ತರಕ್ಕೆ ಪೇರಿಸಿದ ಸ್ಪೀಕರುಗಳಿರುತ್ತವಲ್ಲ, ಎದುರು ನಿಂತವರ ಗುಂಡಿಗೆಯನ್ನು ಅಪ್ಪಣೆ ಕೇಳದೆ ಅಲುಗಿಸುತ್ತವಲ್ಲ, ಅದು ಡಿಜೆ. ನಲವತ್ತಮೂರು ವರ್ಷದ, ಓದುವ ಕನ್ನಡಕದ, ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ದಿನವಿಡೀ ಕಬ್ಬಿಣದ ಉಂಗುರಗಳ ಅಳತೆ ನೋಡುವ ಹೆಂಗಸು ಡಿಜೆ ಆಗುವುದುಂಟೇ? ಉಂಟು. ಚೆನ್ನಾಗಿಯೇ ಆಗುತ್ತಾಳೆ. ಈ ವಿಷಯದಲ್ಲಿ ನನಗೆ ವಿನಯ ಕಡಿಮೆ, ದಯವಿಟ್ಟು ಸಹಿಸಿಕೊಳ್ಳಿ.

ಅದರಲ್ಲೂ ನಾನು ಸಿಕ್ಕಿದ್ದೆಲ್ಲ ಹಾಕುವವಳಲ್ಲ. ಡಾಕ್ಟರುಗಳಲ್ಲಿ ಕಿವಿಗೊಬ್ಬರು, ಮೂಳೆಗೊಬ್ಬರು ಇರುವಂತೆ ನಾನು ಸೋಲ್ ಸಂಗೀತಕ್ಕೆ ಮಾತ್ರ. ಸೋಲ್ ಎಂದರೆ ಏನು ಎಂದು ಕೇಳಿದವರಿಗೆ ನಾನು ಹೇಳುವುದಿಷ್ಟು: ಅಮೆರಿಕದ ಕಪ್ಪು ಜನ ಚರ್ಚಿನಲ್ಲಿ ದೇವರನ್ನು ಕರೆಯುತ್ತಿದ್ದ ಅದೇ ದನಿಯಲ್ಲಿ, ಬಿಟ್ಟುಹೋದ ಹೆಣ್ಣನ್ನೋ ಗಂಡನ್ನೋ ಕರೆಯತೊಡಗಿದಾಗ ಹುಟ್ಟಿದ ಹಾಡು. ಇದೇನೂ ನಮಗೆ ಹೊಸದಲ್ಲ. ನಮ್ಮ ಹಿಂದಿನವರು ದೇವರನ್ನು ನಲ್ಲ, ಗಂಡ, ಕಳ್ಳ ಎಂದೆಲ್ಲ ಕರೆದು ಹಾಡಿದ್ದಾರೆ. ನಾವು ಮನೆಯ ಮಾತು ಹಿಡಿದು ಗುಡಿಗೆ ಹೋದೆವು, ಅವರು ಗುಡಿಯ ದನಿ ಹಿಡಿದು ಮನೆಗೆ ಬಂದರು. ದಾರಿಯಲ್ಲಿ ಎಲ್ಲೋ ಇಬ್ಬರೂ ಎದುರುಬದುರಾಗಿ ತಲೆಯಾಡಿಸಿರಲೇಬೇಕು.

ನನಗೆ ಈ ಹುಚ್ಚು ಹಿಡಿಸಿದವರು ಸ್ಟೆಲ್ಲಾ ಆಂಟಿ. ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ಗೆ ಬಂದವಳು ನಾನು. ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದಾಗ ಅಲ್ಲಿನ ಗಣಿ ಕಾಲೊನಿಯಾದ ಮೈಸೂರು ಮೈನ್ಸ್‌ನಲ್ಲಿ ಆಂಟಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಗಣಿಯವರ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ, ನಾಯಿ ಸಾಕಲಿಲ್ಲ, ರೆಕಾರ್ಡು ಸಾಕಿದರು. ಊರು ಬಿಟ್ಟು ಇಂಗ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹೊರಟ ಆಂಗ್ಲೋ-ಇಂಡಿಯನ್ ಸಂಸಾರಗಳು ಮಂಚ ಕಪಾಟು ಮಾರಿ, ಯಾರೂ ಕೇಳದ ರೆಕಾರ್ಡುಗಳನ್ನು ಆಂಟಿಯ ಕೈಗೆ ಹಾಕಿ ಹೋದವು. ತಿಂಡಿ ತಟ್ಟೆಯಷ್ಟಗಲದ ಕಪ್ಪು ಬಿಲ್ಲೆಗಳು, ಒಂದೊಂದು ಮಗ್ಗುಲಿಗೆ ಒಂದೇ ಹಾಡು, ಹಾಡಿಗೆ ಮೂರು ನಿಮಿಷ. ಎಲ್ಲವೂ ಒಂದು ಮರದ ಪೆಟ್ಟಿಗೆಯಲ್ಲಿ ನಿಂತುಕೊಂಡಿರುತ್ತಿದ್ದವು.

ಆಂಟಿ ಹಾಡು ಆರಿಸುವ ಕ್ರಮ ಅಪ್ಪಟ ನರ್ಸಿನದು. ರೆಕಾರ್ಡ್ ಹಾಕುವುದು, ನರ್ಸುಗಳು ಎದೆಗೆ ತಲೆಕೆಳಗಾಗಿ ಸಿಕ್ಕಿಸಿಕೊಳ್ಳುವ ಆ ಪುಟ್ಟ ಗಡಿಯಾರ ಹಿಡಿದು ಕಾಲು ನಿಮಿಷ ತಾಳ ಎಣಿಸುವುದು, ನಾಲ್ಕರಿಂದ ಗುಣಿಸುವುದು, ರೆಕಾರ್ಡಿನ ಲಕೋಟೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆಯುವುದು. ಎಪ್ಪತ್ತರ ಆಸುಪಾಸಿನದು ‘ನಾರ್ಮಲ್’. ನೂರು ದಾಟಿದ್ದು ‘ಜ್ವರ’. ನೂರಮೂವತ್ತರ ಮೇಲೆ ಹೋದರೆ ‘ಡಾಕ್ಟರನ್ನು ಕರೆಯಿರಿ’. ಒಂದು ಡಾನ್ಸಿನಲ್ಲಿ ಡಾಕ್ಟರನ್ನು ಎರಡು ಸಲಕ್ಕಿಂತ ಹೆಚ್ಚು ಕರೆಯಬಾರದೆಂಬುದು ಅವರ ನಿಯಮ. ನಮ್ಮಲ್ಲಿ ಕುಣಿಯಲು ಬರುವವರ ಮೊಣಕಾಲುಗಳನ್ನು ನೋಡಿದ ಯಾರೂ ಈ ನಿಯಮವನ್ನು ಆಕ್ಷೇಪಿಸಲಾರರು.

ಇದಕ್ಕೆ ನಾನು ನನ್ನದೂ ಕೆಲವು ಸೇರಿಸಿದ್ದೇನೆ. ಅತ್ಯುತ್ತಮ ಹಾಡನ್ನು ಮೊದಲು ಹಾಕಬಾರದು. ಎಲೆಯ ತುದಿಗೆ ಮೊದಲು ಉಪ್ಪು ಬಡಿಸುತ್ತಾರೆ, ಉಪ್ಪು ತಿನ್ನಲು ಯಾರೂ ಬಂದಿರುವುದಿಲ್ಲ, ಆದರೂ ಅದಿಲ್ಲದೆ ಊಟ ಶುರುವಾಗುವುದಿಲ್ಲ. ಇನ್ನೊಂದು, ಜನರ ಮುಖ ನೋಡಬಾರದು, ಪಾದ ನೋಡಬೇಕು. ಮುಖಕ್ಕೆ ಸಂಕೋಚವಿದೆ. ಕುರ್ಚಿಯ ಕೆಳಗೆ ಒಂದು ಹಿಮ್ಮಡಿ ತಾನೇ ತಾನಾಗಿ ತಟ್ಟುತ್ತಿದ್ದರೆ ಆ ಹಾಡಿನ ಅಣ್ಣನನ್ನೋ ತಮ್ಮನನ್ನೋ ಮುಂದಕ್ಕೆ ಹಾಕಬೇಕು, ಹಿಮ್ಮಡಿಯ ಒಡೆಯರು ಎದ್ದು ಬಂದೇ ಬರುತ್ತಾರೆ. ಇಂಗ್ಲೆಂಡಿನಲ್ಲಿ ಈ ಹಾಡುಗಳ ಹಿಂದೆ ಬಿದ್ದ ಡಿಜೆಗಳು ತಮ್ಮ ಅಪರೂಪದ ರೆಕಾರ್ಡಿನ ಹೆಸರು ಪಕ್ಕದವನಿಗೆ ತಿಳಿಯಬಾರದೆಂದು ಲೇಬಲ್ಲಿನ ಮೇಲೆ ಬಿಳಿ ಕಾಗದ ಅಂಟಿಸುತ್ತಿದ್ದರಂತೆ. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಟೊಮೊಟೊ ಸಸಿ ಯಾವ ನರ್ಸರಿಯದು ಎಂದು ಕೇಳಿದರೆ ನಮ್ಮ ದೊಡ್ಡಪ್ಪನಿಗೂ ತಕ್ಷಣ ಕೆಮ್ಮು ಬರುತ್ತದೆ.

ಆರಿಸಿದ ಹಾಡನ್ನು ಪರೀಕ್ಷೆಗೆ ಒಡ್ಡುವ ಜಾಗ ನಮ್ಮ ಕೊಟ್ಟಿಗೆ. ಕಾಮಸಮುದ್ರದ ಕಡೆಗಿನ ನಮ್ಮ ಹಳ್ಳಿಯಲ್ಲಿ ಅಮ್ಮ ಈಗಲೂ ಮೂರು ಹಸು ಕರೆಯುತ್ತಾಳೆ. ರಜೆಯ ದಿನ ಬೆಳಗ್ಗೆ ನಾನು ಫೋನಿನಲ್ಲಿ ತುಂಬಿಕೊಂಡ ಹಾಡುಗಳನ್ನು ಅಲ್ಲಿ ಹಾಕುತ್ತೇನೆ. ಹಸುಗಳು ಕಿವಿಯಾಡಿಸುತ್ತವೆ, ಅಭಿಪ್ರಾಯ ಹೇಳುವುದಿಲ್ಲ. ಅಮ್ಮ ಹೇಳುತ್ತಾಳೆ.

“ಅದ್ಯಾಕ್ಲೇ ಅಂಗ್ ಅರಚ್ಕೊಂತಾನೆ? ಏನಾಯ್ತಂತೆ ಅವನ್ಗೆ?”

“ಎಂಡ್ತಿ ಬಿಟ್ಟೋದ್ಲಂತೆ ಕಣಮ್ಮ.”

“ಅಯ್ಯೋ ಪಾಪ. ಅದ್ಕೆ ನೀವೆಲ್ಲಾ ಕುಣೀತೀರಾ?”

ನಾನು ದೊಡ್ಡ ವಿದ್ವಾಂಸೆಯಂತೆ, ದುಃಖವನ್ನು ತಾಳದ ಮೇಲೆ ಕೂರಿಸಿದರೆ ಅದಕ್ಕೆ ಕಾಲು ಬರುತ್ತದೆ, ಇಲ್ಲದಿದ್ದರೆ ಅದು ಎದೆಯ ಮೇಲೇ ಕುಳಿತಿರುತ್ತದೆ ಎಂದೆಲ್ಲ ವಿವರಿಸಿದೆ. ಅಮ್ಮ ಸಗಣಿ ಬಾಚುತ್ತಾ “ಅಂಗಾ” ಎಂದಳು. ಆ ಒಂದು ಮಾತಿನೊಂದಿಗೆ ನನ್ನ ಸಿದ್ಧಾಂತವೂ ಮಂಕರಿ ಸೇರಿ ತಿಪ್ಪೆಗೆ ಹೋಯಿತು.

ಈಗ ಹೇಳಬೇಕಾದ ಸಂಗತಿಗೆ ಬರುತ್ತೇನೆ. ಗಣಿಯ ಹಳಬರೆಲ್ಲ ಸೇರುವ ನಮ್ಮ ಡಾನ್ಸ್ ನಡೆಯುವುದು ಭಾನುವಾರ ಮಧ್ಯಾಹ್ನ, ಕೆಜಿಎಫ್‌ನಲ್ಲೇ ಇರುವ ಮರದ ನೆಲದ ಒಂದು ಹಳೆಯ ಕ್ಲಬ್ ಹಾಲಿನಲ್ಲಿ. ಕ್ರಿಸ್‌ಮಸ್ ಆದಮೇಲೊಮ್ಮೆ, ಈಸ್ಟರ್ ಆದಮೇಲೊಮ್ಮೆ, ನಡುವೆ ಯಾರಾದರೂ ನೆಪ ಹುಡುಕಿದಾಗಲೆಲ್ಲ. ಗಣಿ ಮುಚ್ಚಿದ ಮೇಲೆ ಬೇರೆ ಊರು ಸೇರಿದವರೂ ರೈಲಿನಲ್ಲಿ ಬಂದು, ಊಟ ಮಾಡಿ, ಕುಣಿದು, ಸಂಜೆಯ ರೈಲಿಗೆ ವಾಪಸು ಹೋಗುತ್ತಾರೆ. ಎಷ್ಟೋ ವರ್ಷದಿಂದ ಅಲ್ಲಿ ಹಾಡು ಹಾಕುತ್ತಿದ್ದವರು ಆಂಟಿಯೇ. ಹೋದ ವರ್ಷದ ಹಿಂದಿನ ಕ್ರಿಸ್‌ಮಸ್ ಹೊತ್ತಿಗೆ ಅವರ ಕಣ್ಣು ಮಂಜಾಗಿ, ರೆಕಾರ್ಡಿನ ಮೇಲೆ ಇಳಿಯಬೇಕಾದ ಮುಳ್ಳು ಒಮ್ಮೊಮ್ಮೆ ಮೇಜಿನ ಮೇಲೆ ಇಳಿಯತೊಡಗಿತು. ಚೆನ್ನೈನಲ್ಲಿದ್ದ ಅವರ ತಂಗಿಯ ಮಗ ಪೆಟ್ಟಿಗೆ ಕೇಳುತ್ತಿದ್ದ, ಅವನಿಗೆ ಹಳೆಯ ರೆಕಾರ್ಡು ಕೊಳ್ಳುವ ಯಾರೋ ಸಂಗ್ರಾಹಕರು ಗೊತ್ತಂತೆ. ಆಂಟಿ ನನ್ನನ್ನು ಕರೆಸಿದರು.

“ನೀ ಒಂದು ಡಾನ್ಸ್ ಪೂರ್ತಿ ಹಾಕು ಗಿರಿಜಾ. ಜನ ಎದ್ದು ಕುಣಿದ್ರೆ ಬಾಕ್ಸ್ ನಿಂದು. ಕೂತೇ ಇದ್ರೆ ಅವನ್ಗೆ ಕಳಿಸ್ಬಿಡ್ತೀನಿ. ಕೋಪ ಮಾಡ್ಕೋಬೇಡ ಮ್ಮಾ, ಹಾಕಕ್ಕೆ ಬರೋರ ಹತ್ರಾನೇ ಅದು ಇರ್ಬೇಕು.”

ಆ ಪೆಟ್ಟಿಗೆ ನನಗೆ ಬೇಕಿತ್ತು. ಬಹಳ ಬೇಕಿತ್ತು. ಇಪ್ಪತ್ತು ವರ್ಷದಲ್ಲಿ ಅದರೊಳಗಿನ ಒಂದೊಂದು ಗೀರೂ ನನಗೆ ಪರಿಚಯವಾಗಿತ್ತು, ಯಾರದೋ ಗಾಜಿನ ಕಪಾಟಿನಲ್ಲಿ ಅದು ಮೂಕವಾಗಿ ನಿಲ್ಲುವುದನ್ನು ನೆನೆದರೇ ಹೊಟ್ಟೆ ಉರಿಯುತ್ತಿತ್ತು. ಆದರೆ ಸುಳ್ಳೇಕೆ ಹೇಳಲಿ, ಭಯ ಮಾತ್ರ ಒಂದಿಷ್ಟೂ ಇರಲಿಲ್ಲ. ಎರಡು ತಿಂಗಳು ಕುಳಿತು ನಲವತ್ತು ಹಾಡು ಆರಿಸಿದೆ, ಜೋಡಿಸಿದೆ, ಕೆಡವಿ ಮತ್ತೆ ಜೋಡಿಸಿದೆ. ಆಂಟಿಯ ಸ್ಪೀಕರು ಟ್ರಾನ್ಸಿಸ್ಟರಿಗಿಂತ ಸ್ವಲ್ಪ ದೊಡ್ಡದಷ್ಟೆ. ಈ ಹಾಡುಗಳಿಗೆ ಇನ್ನಷ್ಟು ಮರ್ಯಾದೆ ಸಲ್ಲಬೇಕೆಂದು ಬಂಗಾರಪೇಟೆಯಿಂದ ಎರಡು ಸ್ಪೀಕರು, ಜೊತೆಗೆ ತಗ್ಗಿನ ದನಿಗಳನ್ನು ಗುಡುಗಿಸುವ ಒಂದು ದೊಡ್ಡ ಬೇಸ್ ಬಾಕ್ಸ್ ಬಾಡಿಗೆಗೆ ತಂದೆ. ಹೌದು, ಮೆರವಣಿಗೆಯದ್ದೇ. ನಗಬೇಡಿ.

ಡಾನ್ಸ್ ನಾನು ಬಯಸಿದಂತೆಯೇ ಶುರುವಾಯಿತು. ಮೊದಲೆರಡು ಹಾಡಿಗೆ ಉಪ್ಪು ಬಡಿಸಿದ್ದಾಯಿತು. ನಾಲ್ಕನೆಯದಕ್ಕೆ ಸೆಲ್ವರಾಜ್ ಅಂಕಲ್ ಎದ್ದರು. ಮೂವತ್ತು ವರ್ಷ ಗಣಿಯ ಕೆಳಗೆ ಮರದ ಆಸರೆ ಕಟ್ಟುವ ಕೆಲಸ ಮಾಡಿದವರು, ಬಿಳಿ ಶೂ ಹಾಕಿಕೊಂಡು ಹೆಂಡತಿಯ ಕೈ ಹಿಡಿದು ತಿರುಗಿಸಿದರೆ ಎಪ್ಪತ್ತೈದರಲ್ಲೂ ನೋಡಲು ಚೆಂದ. ಅವರು ಎದ್ದ ಮೇಲೆ ಉಳಿದವರು ಕೂರುವ ಮಾತೆಲ್ಲಿ? ನೆಲ ತುಂಬಿತು. ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದ ಆಂಟಿಯ ಪಾದವೂ ಆಡುತ್ತಿತ್ತು. ಪೆಟ್ಟಿಗೆ ನನ್ನದಾಯಿತೆಂದು ಮನಸ್ಸಿನಲ್ಲೇ ಅದನ್ನು ಇಡುವ ಜಾಗವನ್ನೂ ಗುಡಿಸಿಟ್ಟೆ.

ನಾಲ್ಕು ಗಂಟೆಯ ಹೊತ್ತಿಗೆ ನನ್ನ ತುರುಫು ಎಲೆ ಇಳಿಸಿದೆ. ಹಾಡುವವಳು ಬಾಯಿ ತೆರೆಯುವ ಮೊದಲು ಬೇಸ್ ಗಿಟಾರ್ ಒಂದೇ ಬಹಳ ಹೊತ್ತು ಕೆಳಗೆ ಕೆಳಗೆ ನಡೆಯುವ ಹಾಡು. ಲಕೋಟೆಯ ಮೇಲೆ ‘ಜ್ವರ’. ಬೇಸ್ ಬಾಕ್ಸಿನ ಗುಂಡಿಯನ್ನು ಉದಾರವಾಗಿ ತಿರುಗಿಸಿದೆ. ಮರದ ನೆಲ ಗುಂಯ್ ಎಂದಿತು. ಕಿಟಕಿಯ ಗಾಜು ಅದುರಿತು, ಟೀ ಮೇಜಿನ ಮೇಲಿನ ಕಪ್ಪುಗಳು ಸಾಸರಿನಲ್ಲಿ ಕಟಕಟನೆ ಆಡಿದವು.

ಕುಣಿತ ನಿಂತಿತು. ಸುಸ್ತಾಗಿ ನಿಲ್ಲುವವರು ನಗುತ್ತಾ, ಸೊಂಟ ಹಿಡಿದುಕೊಂಡು ನಿಲ್ಲುತ್ತಾರೆ. ಇವರು ಹಾಗೆ ನಿಲ್ಲಲಿಲ್ಲ. ಮೊದಲು ಹೆಂಗಸರು ಗಂಡಂದಿರ ಕೈ ಬಿಟ್ಟರು. ಒಬ್ಬರು ಗೋಡೆಗೆ ಅಂಗೈ ಒತ್ತಿ ನಿಂತರು. ಇಬ್ಬರು ಬಾಗಿಲಿಗೆ ಹೋಗಿ ರಸ್ತೆಯ ಕಡೆ ನೋಡತೊಡಗಿದರು. ಹಾಡು ಹಿಡಿಸಲಿಲ್ಲವೇನೋ, ಇನ್ನೂ ಸರಿಯಾಗಿ ಕೇಳಿಸಲಿ ಎಂದು ನಾನು, ಮಹಾ ಬುದ್ಧಿವಂತೆ, ಗುಂಡಿಯನ್ನು ಇನ್ನೊಂದಿಷ್ಟು ತಿರುಗಿಸಿದೆ! ಆಗ ಆಂಟಿ ಕಂಡರು. ಎದ್ದು ನಿಂತು, ಕೂದಲು ಹಿಂದಕ್ಕೆ ಒತ್ತಿಕೊಂಡು, ಕೈಚೀಲಕ್ಕಾಗಿ ಕುರ್ಚಿಯ ಮೇಲೆ ತಡಕುತ್ತಿದ್ದರು, ಡ್ಯೂಟಿಗೆ ಹೊರಟವರ ಹಾಗೆ.

ಸೆಲ್ವರಾಜ್ ಅಂಕಲ್ ನನ್ನ ಮೇಜಿಗೆ ಬಂದರು. “ಒಂದು ನಿಮಿಷ ನಿಲ್ಸು ಮ್ಮಾ. ಏರ್ ಬ್ಲಾಸ್ಟ್ ಥರಾನೇ ಬಂತು.”

ಮುಳ್ಳು ಎತ್ತಿದೆ. ಏರ್ ಬ್ಲಾಸ್ಟ್ ಎಂಬ ಮಾತು ನಾನು ಕೇಳಿದ್ದೆ, ಅರ್ಥ ಕೇಳಿರಲಿಲ್ಲ. ಅಂಕಲ್ ತಗ್ಗಿದ ದನಿಯಲ್ಲಿ ಹೇಳಿದರು. ಗಣಿಯ ಆಳದಲ್ಲಿ ಬಂಡೆ ತನ್ನ ಭಾರಕ್ಕೆ ತಾನೇ ಸಿಡಿಯುತ್ತಿತ್ತಂತೆ. ಮೇಲೆ ಮನೆಗಳ ನೆಲ ಹೀಗೇ ಗುಂಯ್ ಎನ್ನುತ್ತಿತ್ತು, ಗೂಡಿನ ತಟ್ಟೆ ಲೋಟ ಹೀಗೇ ಆಡುತ್ತಿದ್ದವು. ಹೆಂಗಸರು ಒಲೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಗಣಿಗಿಳಿಯುವ ಯಾವ ಶಾಫ್ಟ್, ಯಾವ ಪಾಳಿ, ನಮ್ಮವರು ಕೆಳಗಿದ್ದಾರೋ ಮೇಲಿದ್ದಾರೋ. ಆಂಟಿ ಯಾರೂ ಕರೆಯದಿದ್ದರೂ ಆಸ್ಪತ್ರೆಗೆ ಓಡುತ್ತಿದ್ದರು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಅವರೆಲ್ಲರ ಪಾದಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಪಾದ ನೋಡಿ ಹಾಡು ಹಾಕುತ್ತೇನೆಂದು ಮೆರೆಯುತ್ತಿದ್ದ ನನಗೆ ಇದೊಂದೇ ಗೊತ್ತಿರಲಿಲ್ಲ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು, ಮರುಕ್ಷಣ ಆ ಊರಿನಲ್ಲಿ ಹಾಗೆ ಅಂದುಕೊಳ್ಳುವುದೂ ತಪ್ಪೆಂದು ನಾಚಿಕೆಯಾಯಿತು. ಪೆಟ್ಟಿಗೆ ಚೆನ್ನೈ ರೈಲು ಹತ್ತಿತು ಎಂದುಕೊಂಡೆ. ಬೇಸ್ ಬಾಕ್ಸ್ ನಿಲ್ಲಿಸಲು ಕೈ ಚಾಚಿ, ಇನ್ನೊಂದು ಕೈಯಲ್ಲಿ ಯಾವುದಾದರೂ ನಿರುಪದ್ರವಿ ‘ನಾರ್ಮಲ್’ಗಾಗಿ ಹುಡುಕುತ್ತಿದ್ದೆ.

ಅಷ್ಟರಲ್ಲಿ ಅಂಕಲ್ ನೆರೆದವರ ಕಡೆ ತಿರುಗಿದರು. ಪಾಳಿ ಮುಗಿದು ಮೇಲೆ ಬಂದವರನ್ನು ಎಣಿಸುವಂತೆ ಬೆರಳು ಚಾಚಿ ಒಬ್ಬೊಬ್ಬರನ್ನೇ ಎಣಿಸಿದರು, ತಮಿಳಿನಲ್ಲಿ, ದೊಡ್ಡ ದನಿಯಲ್ಲಿ. ಬಾಗಿಲಲ್ಲಿ ನಿಂತವರನ್ನು, ಆಂಟಿಯನ್ನು, ಕೊನೆಗೆ ನನ್ನನ್ನೂ. ಎಣಿಸಿ ಮುಗಿಸಿ ಕೂಗಿದರು: “ಎಲ್ರೂ ಮೇಲೇ ಇದೀವಿ! ಕೆಳಗೆ ಯಾರೂ ಇಲ್ಲ!”

ಯಾರೋ ನಕ್ಕರು. ಯಾರೋ ಅತ್ತರು. ಅಂಕಲ್ ಅವರ ಹೆಂಡತಿ ಬಾಗಿಲಿನಿಂದ ವಾಪಸು ಬಂದು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: “ಅದನ್ನೇ ಹಾಕು ಮ್ಮಾ, ಮೊದಲಿಂದ. ಸೌಂಡ್ ಕಮ್ಮಿ ಮಾಡ್ಬೇಡ.”

ನಾನು ಆಂಟಿಯನ್ನು ನೋಡಿದೆ. ಅವರು ಕೈಚೀಲವನ್ನು ಕುರ್ಚಿಯ ಮೇಲಿಟ್ಟು ತಲೆಯಾಡಿಸಿದರು. ಹಾಕಿದೆ. ನೆಲ ಮತ್ತೆ ಗುಂಯ್ ಎಂದಿತು, ಕಪ್ಪುಗಳು ಆಡಿದವು, ಆ ನಡುಗುವ ನೆಲದ ಮೇಲೆ ಅವರೆಲ್ಲ ಕುಣಿದರು. ಆಂಟಿಯೂ ಕುಣಿದರು, ಯಾರ ಕೈಯನ್ನೂ ಹಿಡಿಯದೆ, ಕಣ್ಣು ಮುಚ್ಚಿಕೊಂಡು. ಅಂಥ ಕುಣಿತವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹಾಡು ಮುಗಿಯುವವರೆಗೆ ನನಗೂ ಕಣ್ಣು ಸರಿಯಾಗಿ ಕಾಣಲಿಲ್ಲ.

ಜನ ರೈಲಿಗೆ ಹೊರಟ ಮೇಲೆ ಆಂಟಿ ಪೆಟ್ಟಿಗೆಯ ಬಳಿ ಬಂದು, ಬೆರಳಿನಿಂದ ಲಕೋಟೆಗಳನ್ನು ಸವರುತ್ತಾ ಹೋಗಿ, ಆ ಒಂದು ರೆಕಾರ್ಡನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡರು.

“ಬಾಕ್ಸ್ ತಗೊಂಡು ಹೋಗು. ಇದೊಂದು ನನ್ನ ಹತ್ರ ಇರ್ಲಿ.”

“ಯಾಕಾಂಟಿ?”

“ನಲವತ್ತು ವರ್ಷದಿಂದ ಇಟ್ಕೊಂಡಿದೀನಿ. ನನ್ನ ಸಣ್ಣ ಸ್ಪೀಕರಲ್ಲಿ ಆ ಕೆಳಗಿನ ಸೌಂಡ್ ಬರ್ತಾನೇ ಇರ್ಲಿಲ್ಲ ಮ್ಮಾ. ಪೂರ್ತಿ ಕೇಳಿದ್ದು ಇವತ್ತೇ.”

ಈಗ ಪೆಟ್ಟಿಗೆ ನನ್ನ ಮನೆಯಲ್ಲಿದೆ. ಡಾನ್ಸಿಗೆ ಹಾಡು ಆರಿಸಲು ಕುಳಿತಾಗ ನನ್ನ ಆತ್ಮವಿಶ್ವಾಸಕ್ಕೇನೂ ಕೊರತೆಯಾಗಿಲ್ಲ. ಯಾವುದರ ಹಿಂದೆ ಯಾವುದು, ಯಾರನ್ನು ಯಾವಾಗ ಎಬ್ಬಿಸಬೇಕು ಎಲ್ಲ ನನಗೆ ಗೊತ್ತು. ನಾಲ್ಕು ಗಂಟೆಯ ಹೊತ್ತಿನ ಮೂರು ನಿಮಿಷವನ್ನು ಮಾತ್ರ ಪಟ್ಟಿಯಲ್ಲಿ ಖಾಲಿ ಬಿಡುತ್ತೇನೆ. ಮುಂದಿನ ಸಾಲಿನಲ್ಲಿ ಆಂಟಿ ಆ ರೆಕಾರ್ಡಿರುವ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಾರೆ. ನಾನು ಅವರನ್ನು ನೋಡುತ್ತೇನೆ, ಅವರು ಬಂದವರನ್ನು ಒಬ್ಬೊಬ್ಬರಾಗಿ ನೋಡುತ್ತಾರೆ. ಕೆಲವು ಸಲ ಚೀಲ ತೆರೆಯುತ್ತಾರೆ, ಕೆಲವು ಸಲ ತೆರೆಯುವುದಿಲ್ಲ. ತೆರೆಯದ ದಿನ ನಾನು ಬೇರೆ ಹಾಡು ಹಾಕುತ್ತೇನೆ, ಯಾಕೆಂದು ಕೇಳುವುದಿಲ್ಲ.