ಮೂರು ಗಂಟೆಗೆ ಅದು ಹಾಲಿನ ಆಲಿಕೆ

ಅಗಾಥಾ ಬಿಸ್ಸಿಗ್‌ಗೆ ಯಾರಾದರೂ "ಬೇಗ ಬೇಗ" ಅಂದರೆ ಆಗುತ್ತಿರಲಿಲ್ಲ. ಅಂದವರ ಎದುರಿಗೇ ಕುಳಿತು, ಕಟ್ಟಿದ್ದ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಳ್ಳುವ ಹೆಂಗಸು ಅವಳು. ವಯಸ್ಸು ಐವತ್ತೆಂಟು. ಬಲಗಾಲಿನ ಮಂಡಿ ಅವಳ ಮಾತು ಕೇಳುತ್ತಿರಲಿಲ್ಲ. ಅವಳೂ ಮಂಡಿಯ ಮಾತು ಕೇಳುತ್ತಿರಲಿಲ್ಲವಾದ್ದರಿಂದ ಇಬ್ಬರಿಗೂ ಹೇಗೋ ನಡೆದುಹೋಗುತ್ತಿತ್ತು. ಇಪ್ಪತ್ತರಲ್ಲಿ ಡೇರಿಯ ಹಾಲಿನ ಲಾರಿ ಹತ್ತಿದಳು. ಹತ್ತು ವರ್ಷ ಅದನ್ನು ಓಡಿಸಿ, ಮತ್ತೆ ಹತ್ತು ವರ್ಷ ಶಾಲೆಯ ಬಸ್ಸು ಓಡಿಸಿದಳು. ನಡುವೆ ಒಂದು ಮದುವೆಯೂ ಆಯಿತು. ಗಂಡನಿಗೆ ಬಯಲು ನಾಡಿನಲ್ಲಿ ಕೆಲಸ ಸಿಕ್ಕಿತು, ಅವಳಿಗೆ ಬಯಲು ಒಗ್ಗಲಿಲ್ಲ. ಎರಡು ಚಳಿಗಾಲ ನೋಡಿ ಒಬ್ಬಳೇ ವಾಪಸು ಬಂದಳು. ಯಾಕೆ ಬಂದೆ ಎಂದು ಕೇಳಿದವರಿಗೆ, "ಅಲ್ಲಿ ಸಂಜೆ ಯಾವಾಗ ಆಗತ್ತೆ ಅಂತಾನೇ ಗೊತ್ತಾಗಲ್ಲ," ಎಂದಳು.

ಆಮೇಲಿನ ಹದಿನೆಂಟು ವರ್ಷ ಟ್ರೆಷ್ ಕಂಪನಿಯ, ಡ್ರೈವರ್ ಬಿಟ್ಟು ಎಂಟು ಸೀಟಿನ ವ್ಯಾನು. ಬೆಳಗ್ಗೆ ಸರೋವರದ ದಂಡೆಯ ಪೇಟೆಯಲ್ಲಿ ಪ್ರವಾಸಿಗಳನ್ನು ಹತ್ತಿಸಿಕೊಳ್ಳುವುದು, ಘಾಟಿಯ ತಿರುವುಗಳನ್ನು ಏರುವುದು, ಹಿಮನದಿ ಕಾಣುವ ಕಡೆ ಫೋಟೋಗೆ ನಿಲ್ಲಿಸುವುದು, ಮಧ್ಯಾಹ್ನ ರೋಪ್‌ವೇಯಲ್ಲಿ ಬಾಲ್ಮೆನ್ ಗೋಮಾಳಕ್ಕೆ ಕರೆದೊಯ್ದು ಬ್ರೆಡ್ಡು ಚೀಸು ತಿನ್ನಿಸುವುದು, ಸಂಜೆ ಆರಕ್ಕೆ ಮತ್ತೆ ಪೇಟೆಗೆ ತಂದಿಳಿಸುವುದು. ಬಾಲ್ಮೆನ್‌ನಲ್ಲಿ ಅವಳ ಅಣ್ಣ ಯೋಸ್ಟ್ ಬೇಸಿಗೆ ಪೂರ್ತಿ ಊರಿನ ಅರವತ್ತು ಹಸುಗಳನ್ನು ನೋಡಿಕೊಂಡು ಚೀಸು ಮಾಡುತ್ತಾನೆ. ಅವರಪ್ಪನೂ ಅದನ್ನೇ ಮಾಡಿಕೊಂಡಿದ್ದವನು.

ನಮ್ಮ ಕಡೆ ಮೇಲೆ ದನ ಇರುವಷ್ಟು ದಿನ ಸಂಜೆಯ ಕೂಗು ತಪ್ಪುವಂತಿಲ್ಲ. ಎದುರು ಬೆಟ್ಟದ ನೆತ್ತಿಯಿಂದ ಬಿಸಿಲು ಜಾರಿದ ಮೇಲೆ ದನ ಕಾಯುವವನು ಮರದ ಶಿಲುಬೆಯ ಹತ್ತಿರ ನಿಲ್ಲಬೇಕು. ಹಾಲು ಸೋಸುವ ಮರದ ಆಲಿಕೆಯನ್ನು ಬಾಯಿಗಿಟ್ಟು, ನಾಲ್ಕು ದಿಕ್ಕಿಗೂ ತಿರುಗಿ, ದೇವರನ್ನೂ ಮಾತೆ ಮರಿಯಳನ್ನೂ ದನಗಳ ಸಂತರನ್ನೂ ಕೂಗಿ ಕರೆಯಬೇಕು. ದನಿ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಆ ರಾತ್ರಿ ಕಾವಲು. ಯಾರ ದನ, ಯಾರ ಮನೆ ಎಂಬ ಭೇದ ಅದಕ್ಕಿಲ್ಲ.

ಎರಡು ವರ್ಷದ ಹಿಂದೆ ಯೋಸ್ಟನ ಗಂಟಲಿಗೆ ಆಪರೇಷನ್ ಆಗಿ ದನಿ ಹೋಯಿತು. ಪಿಸುಗುಟ್ಟುವುದಷ್ಟೇ ಉಳಿಯಿತು. ಆ ಜೂನಿನಲ್ಲಿ ದನಗಳು ಮೇಲೆ ಹೋದ ದಿನ, ಅವನ ಹಳೆಯ ಕೂಗನ್ನು ಮೊಬೈಲಿನಲ್ಲಿ ಹಾಕಿದರಾಗದೇ ಎಂದು ಊರಿನ ಹಿರಿಯರು ಗಡ್ಡ ಕೆರೆದುಕೊಳ್ಳುತ್ತಿರುವಾಗ ಅಗಾಥಾ ಆಲಿಕೆಯನ್ನು ಕೈಗೆತ್ತಿಕೊಂಡಳು.

"ಹೆಂಗಸು ಕೂಗಬಹುದೇನಮ್ಮಾ?" ಎಂದ ಒಬ್ಬ ಮುದುಕ.

"ಹಸುಗಳೆಲ್ಲ ಹೆಣ್ಣೇ ಅಲ್ವೇನಜ್ಜಾ? ಅವಕ್ಕಿಲ್ಲದ ತೊಂದ್ರೆ ನಿನಗ್ಯಾಕೆ?" ಎಂದಳು.

ಅಂದಿನಿಂದ ದಿನವೂ ಪ್ರವಾಸಿಗಳನ್ನು ಪೇಟೆಯಲ್ಲಿಳಿಸಿ, ಅದೇ ವ್ಯಾನಿನಲ್ಲಿ ರೋಪ್‌ವೇ ಬುಡಕ್ಕೆ ಬಂದು, ಏಳು ಗಂಟೆಯ ಕೊನೆಯ ತೂಗುಪೆಟ್ಟಿಗೆ ಹಿಡಿದು ಮೇಲೆ ಹೋಗುತ್ತಾಳೆ. ಕೂಗುತ್ತಾಳೆ, ಅಲ್ಲೇ ಮಲಗುತ್ತಾಳೆ, ಬೆಳಗ್ಗೆ ಇಳಿಯುತ್ತಾಳೆ. ಒಂದು ದಿನವೂ ತಪ್ಪಿಸಿಲ್ಲ.

ಹಿರಿಯ ಟ್ರೆಷ್ ಇದರಲ್ಲಿ ಯಾವತ್ತೂ ಮೂಗು ತೂರಿಸಿದವನಲ್ಲ. ಕಳೆದ ಚಳಿಗಾಲದಲ್ಲಿ ಕಂಪನಿ ಅವನ ಮಗ ಲೂಕಾಸನ ಕೈಗೆ ಬಂತು. ಮೂವತ್ತನಾಲ್ಕರ ಹುಡುಗ, ಪ್ರವಾಸೋದ್ಯಮ ಓದಿಕೊಂಡು ಬಂದವನು. ಓದಿದ್ದು ತಪ್ಪಲ್ಲ, ಆದರೆ ತನ್ನೂರನ್ನು ತಾನೇ ಅಂಗಡಿಯ ಕಿಟಕಿಯಲ್ಲಿಟ್ಟ ಹಾಗೆ ನೋಡುವ ಚಾಳಿಯನ್ನೂ ಅಲ್ಲಿಂದಲೇ ತಂದಿದ್ದ. ಜುಲೈ ಮೊದಲ ವಾರ ಹೊಸ ಕರಪತ್ರ ಅಚ್ಚು ಹಾಕಿಸಿ ಅಗಾಥಾಳ ಕೈಗೆ ಕೊಟ್ಟ. ಅದರಲ್ಲಿ ಮಧ್ಯಾಹ್ನ ಮೂರು ಗಂಟೆಯ ಎದುರಿಗೆ "ಗೋಮಾಳದ ಪ್ರಾರ್ಥನೆಯ ಕೂಗು, ಹತ್ತು ನಿಮಿಷ" ಎಂದಿತ್ತು.

"ಇದ್ಯಾರು ಕೂಗೋದು?"

"ನೀವೇ ಅಗಾಥಕ್ಕ. ದಿನಾ ಕೂಗ್ತೀರಲ್ಲ."

"ಸಂಜೆ ಕೂಗ್ತೀನಿ."

"ಸಂಜೆ ಜನ ಇರಲ್ವಲ್ಲ ಅಕ್ಕ! ಮೂರಕ್ಕೊಂದ್ಸಲ ಇವರಿಗೆ ಕೂಗಿ, ರಾತ್ರಿಗೊಂದ್ಸಲ ನಿಮ್ಮ ಪಾಡಿಗೆ ಕೂಗ್ಕೊಳ್ಳಿ. ನಷ್ಟ ಏನು?"

"ಲೂಕಾ, ಊಟ ಆಗಿದೆ ಅಂತ ಹೇಳಿ ಮತ್ತೆ ತಟ್ಟೆ ಇಡ್ತಾರೇನೋ? ಆಗಲ್ಲ ಅಂದ್ರೆ ಆಗಲ್ಲ."

ಅವನು ನಕ್ಕ. ಗುರುವಾರದ ಗುಂಪಿನ ಜೊತೆ ದೊಡ್ಡ ಪ್ರವಾಸ ಸಂಸ್ಥೆಯ ಕೊರಿನಾ ಎಂಬಾಕೆ ಬರುತ್ತಾಳೆ, ಅವಳಿಗೆ ಮೆಚ್ಚುಗೆಯಾದರೆ ಬೇಸಿಗೆ ಪೂರ್ತಿ ಬುಕಿಂಗು, ಆಗದಿದ್ದರೆ ಈ ದಾರಿಗೆ ಅಗಾಥಾಳ ಬದಲು ಬೇರೆ ಗೈಡನ್ನು ಹಾಕಬೇಕಾಗುತ್ತದೆ ಎಂದು, ಹವಾಮಾನ ಹೇಳಿದಷ್ಟೇ ಸಲೀಸಾಗಿ ಹೇಳಿದ. ಅಗಾಥಾ ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ವ್ಯಾನಿನ ಸೀಟಿನಡಿಗೆ ತುರುಕಿದಳು. ಅಲುಗಾಟ ನಿಂತಿತು.

ಗುರುವಾರ ಬಂತು. ಆರು ಜನ ಪ್ರವಾಸಿಗಳು, ಏಳನೆಯವಳು ಕೊರಿನಾ, ಎಂಟನೆಯವನು ಮೈಕು ಹಿಡಿದು ಮುಂದಿನ ಸೀಟಿನಲ್ಲಿ ಕೂತ ಲೂಕಾಸ್. ಆಕಾಶ ತೊಳೆದಿಟ್ಟ ಹಾಗಿತ್ತು. ಘಾಟಿಯ ಐದನೇ ತಿರುವಿನವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆರನೆಯದರಲ್ಲಿ ಲೂಕಾಸ್ ಮೈಕಿನಲ್ಲಿ ಕಥೆ ಶುರುಮಾಡಿದ.

"ಬಹಳ ಹಿಂದೆ ಬಾಲ್ಮೆನ್‌ನಲ್ಲಿ ಒಬ್ಬ ದನ ಕಾಯುವವನಿದ್ದ. ಮಹಾ ಕುಡುಕ. ಒಂದಿನ ಕುಡಿದ ಮತ್ತಲ್ಲಿ ಕೂಗೋದನ್ನೇ ಮರೆತ..."

ಅದು ಅಗಾಥಾಳ ಅಪ್ಪನ ಕಥೆ. ಬಹಳ ಹಿಂದಿನದಲ್ಲ, ಅವನು ಕುಡಿದೂ ಇರಲಿಲ್ಲ, ಮರೆತೂ ಇರಲಿಲ್ಲ. ಅಗಾಥಾಳಿಗೆ ಒಂಬತ್ತು ವರ್ಷವಾಗಿದ್ದಾಗ ಕೆಳಗೆ ಅತ್ತೆಯ ಮಗಳ ಮದುವೆ ಇತ್ತು. ಕುಣಿತಕ್ಕೆ ಹೋಗುವ ಆಸೆಗೆ ಅಪ್ಪ ನಾಲ್ಕು ಗಂಟೆಗೇ, ಹಾಡುಹಗಲಿನಲ್ಲಿ ಕೂಗಿ ಮುಗಿಸಿ ಇಳಿದುಬಿಟ್ಟ. ಆ ರಾತ್ರಿ ಸಿಡಿಲಿಗೆ ಬೆದರಿದ ಹನ್ನೊಂದು ಕಡಸುಗಳು ಕಮರಿಗೆ ಬಿದ್ದವು. ಬೇಗ ಕೂಗಿದ್ದಕ್ಕೇ ಬಿದ್ದವೋ, ಸಿಡಿಲಿಗೆ ಬಿದ್ದವೋ ನನಗೆ ಗೊತ್ತಿಲ್ಲ. ಅಗಾಥಾಳಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಅವರಪ್ಪ ಸಾಯುವವರೆಗೆ ಬೇಸಿಗೆಯಲ್ಲಿ ಒಂದು ಸಂಜೆಯೂ ಕೆಳಗಿಳಿಯಲಿಲ್ಲ. ಅಗಾಥಾಳ ಮದುವೆ ಜುಲೈಯಲ್ಲಿ ನಡೆಯಿತು, ಅದಕ್ಕೂ ಬರಲಿಲ್ಲ. ಊಟಕ್ಕೆ ಕೂತಾಗ ಮೇಲಿನಿಂದ ಅವನ ಕೂಗು ಸಣ್ಣಗೆ ಕೇಳಿಸಿತು. ಇಡೀ ಮದುವೆಯ ಜನ ಚಮಚ ಕೆಳಗಿಟ್ಟು ಕಿವಿಗೊಟ್ಟರು.

ಈ ಕಥೆಯನ್ನು ಅಗಾಥಾ ಜೀವಮಾನದಲ್ಲಿ ಒಬ್ಬನಿಗಷ್ಟೇ ಹೇಳಿದ್ದಳು. ಹಿಮ ಕುಸಿದು ಶಾಲೆಯ ಬಸ್ಸು ಎರಡು ತಾಸು ದಾರಿಯಲ್ಲಿ ಸಿಕ್ಕಿಬಿದ್ದಾಗ, ಹೆದರಿ ಅಳುತ್ತಿದ್ದ ಎಂಟು ವರ್ಷದ ಲೂಕಾಸನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದಳು.

ವ್ಯಾನು ರಸ್ತೆಯ ಅಂಚಿಗೆ ನಿಂತಿತು.

"ನಮ್ಮಪ್ಪ ಕುಡಿದಿರಲಿಲ್ಲ," ಎಂದಳು ಅಗಾಥಾ, ಹಿಂದೆ ಕೂತವರಿಗೆ ಅರ್ಥವಾಗದಂತೆ ನಮ್ಮ ಮಾತಿನಲ್ಲಿ.

"ಕಥೆ ಅಕ್ಕ. ಸ್ವಲ್ಪ ಉಪ್ಪು ಖಾರ ಬೇಕಲ್ವಾ?"

"ನೀನು ಮೂರನೇ ಕ್ಲಾಸಲ್ಲಿ ನನ್ನ ಬಸ್ಸಲ್ಲಿ ಚಡ್ಡಿ ಒದ್ದೆ ಮಾಡ್ಕೊಂಡಿದ್ದು ಹೇಳ್ಲಾ, ಉಪ್ಪು ಖಾರ ಹಾಕಿ? ಮೈಕು ಕೊಡು ಇಲ್ಲಿ."

ಲೂಕಾಸ್ ಮೈಕನ್ನು ತೊಡೆಯ ಕೆಳಗಿಟ್ಟುಕೊಂಡ. ಅಗಾಥಾ ಹಿಮನದಿಯ ಹತ್ತಿರ ನಿಲ್ಲಿಸಿದಳು, ಫೋಟೋ ತೆಗೆದುಕೊಟ್ಟಳು, ವಯಸ್ಸಾದವರ ಕೈ ಹಿಡಿದು ಇಳಿಸಿದಳು. ಕೆಲಸದ ಮೇಲೆ ಅವಳು ಸಿಟ್ಟು ತೋರಿಸುವವಳಲ್ಲ.

ಬಾಲ್ಮೆನ್‌ನಲ್ಲಿ ಊಟವಾಯಿತು. ಮಧ್ಯಾಹ್ನದ ಬಿಸಿಲಿಗೆ ಹಸುಗಳು ಕೊಟ್ಟಿಗೆಯೊಳಗಿದ್ದವು. ಯೋಸ್ಟ್ ತಂಗಿಯ ಮುಖ ನೋಡಿದ, ಲೂಕಾಸನ ಮುಖ ನೋಡಿದ. ಮೂರು ಗಂಟೆಯ ಸಂಗತಿ ತಂಗಿ ಅವನಿಗೆ ಮೊದಲೇ ಹೇಳಿದ್ದಳು. ಎದ್ದು ಕೊಟ್ಟಿಗೆಯ ಒಳಗೆ ಹೋದ. ಮೂರಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಲೂಕಾಸ್ ಎಲ್ಲರನ್ನೂ ಶಿಲುಬೆಯ ಮುಂದೆ ಬೆಂಚಿನಲ್ಲಿ ಕೂರಿಸಿ, ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಆಲಿಕೆಯನ್ನು ತಾನೇ ತೆಗೆದು ತಂದು ಎಲ್ಲರೆದುರು ಅಗಾಥಾಳ ಕೈಗಿಟ್ಟ.

"ಈಗ ನಮ್ಮ ಅಗಾಥಾ ನಿಮಗಾಗಿ ಕೂಗ್ತಾರೆ!"

ಏಳು ಮೊಬೈಲುಗಳು ಮೇಲೆದ್ದವು. ಜನರ ಮುಂದೆ ಇಲ್ಲ ಅನ್ನಲಾರಳು ಎಂಬುದು ಅವನ ಲೆಕ್ಕ. ಅಗಾಥಾ ಆಲಿಕೆ ಹಿಡಿದು ನಿಂತೇ ಇದ್ದಳು. ಇಲ್ಲ ಅಂದರೆ ಕೆಲಸ ಹೋಗುತ್ತದೆ, ಕೂಗಿದರೆ ಅಪ್ಪ ಹೋಗುತ್ತಾನೆ. ಅಷ್ಟರಲ್ಲಿ ಕೊಟ್ಟಿಗೆಯ ಬಾಗಿಲು ಕಿರುಗುಟ್ಟಿತು. ಯೋಸ್ಟ್ ನೊರೆ ತುಂಬಿದ ಹಾಲಿನ ಬಕೆಟ್ಟು ಹಿಡಿದು ಹೊರಗೆ ಬಂದ. ಇನ್ನೊಂದು ಕೈಯಲ್ಲಿ ಖಾಲಿ ಕ್ಯಾನು, ಹೆಗಲ ಮೇಲೆ ಸೋಸುವ ಬಟ್ಟೆ. ಕ್ಯಾನನ್ನು ತಂಗಿಯ ಕಾಲ ಬಳಿ ಇಟ್ಟ.

ಅಗಾಥಾಳಿಗೆ ನಗು ಬಂತು. ಆಲಿಕೆಯನ್ನು ಕ್ಯಾನಿನ ಬಾಯಿಗೆ ಕೂರಿಸಿದಳು. ಬಟ್ಟೆ ಹಾಸಿದಳು. ಯೋಸ್ಟ್ ಹಾಲು ಸುರಿದ.

"ಮೂರು ಗಂಟೆಗೆ ಇದು ಹಾಲಿನ ಆಲಿಕೆ," ಎಂದಳು ಪ್ರವಾಸಿಗಳಿಗೆ. "ಬನ್ನಿ, ಲೋಟ ತಗೊಳ್ಳಿ."

ಮೊದಲು ಬಂದವನು ವೌಟರ್ ಎಂಬ ಡಚ್ ಮುದುಕ, ನಿವೃತ್ತನಾಗುವವರೆಗೂ ಹಸು ಸಾಕಿದವನು. ಒಂದೇ ಗುಟುಕು ಕುಡಿದು ಹುಬ್ಬೇರಿಸಿದ.

"ಬಿಸಿಯಾಗಿದೆ. ಈಗ ಕರೆದಿದ್ದಾ? ಈ ಹೊತ್ತಲ್ಲಿ ಯಾರು ಕರೀತಾರೆ?"

"ಯಾರೂ ಕರೆಯಲ್ಲ. ನಮ್ಮಣ್ಣ ಇವತ್ತು ಕರೆದ."

ಮುದುಕ ಯೋಸ್ಟನನ್ನು ನೋಡಿ ಟೋಪಿ ತೆಗೆದ. ನಲವತ್ತು ವರ್ಷದಲ್ಲಿ ಹಾಲು ಕರೆಯುವ ಹೊತ್ತನ್ನು ಕಾಲು ಗಂಟೆ ಹಿಂದೆ ಮುಂದೆ ಮಾಡದವನು ಯೋಸ್ಟ್. ಹಸುವಿನವನಿಗೆ ಹಸುವಿನವನ ಕಷ್ಟ ಗೊತ್ತಾಗುತ್ತದೆ.

ಕೊರಿನಾ ಮೊಬೈಲು ಕೆಳಗಿಳಿಸಿರಲಿಲ್ಲ. "ಹಾಗಾದ್ರೆ ಕೂಗು ಇಲ್ವಾ?"

"ಇದೆಯಲ್ಲ. ಬಿಸಿಲು ಹೋದ ಮೇಲೆ, ಒಂಬತ್ತು ಗಂಟೆ ದಾಟಿ. ಇರ್ತೀರಾ?"

"ನಮಗೆ ಆರೂವರೆಗೆ ಟ್ರೈನ್ ಇದೆ."

"ಹಾಗಾದ್ರೆ ಇಲ್ಲ."

ಲೂಕಾಸ್ ಅಗಾಥಾಳನ್ನು ಗುಡಿಸಲಿನ ಹಿಂದಕ್ಕೆ ಕರೆದೊಯ್ದ. ಅವನ ಕಿವಿಗಳು ಕೆಂಪಾಗಿದ್ದವು.

"ಎಲ್ಲರ ಮುಂದೆ ನನ್ನ ಮಾನ ಕಳೆದ್ರಿ ಅಗಾಥಕ್ಕ."

"ನೀನು ಮೈಕಲ್ಲಿ ಕಳೆದೆಯಲ್ಲ, ಅದು ಯಾರದ್ದು?"

"ನಾಳೆಯಿಂದ ಬರಬೇಡಿ. ಕೀಲಿಕೈ ಕೊಡಿ."

"ಪೇಟೇಲಿ ಕೊಡ್ತೀನಿ. ಇವರನ್ನ ಹತ್ತಿಸ್ಕೊಂಡಿದ್ದು ನಾನು, ಇಳಿಸೋಳೂ ನಾನೇ. ಆ ಘಾಟೀಲಿ ನೀನು ಓಡಿಸಿದ್ರೆ ಇನ್ನೊಂದ್ಸಲ ಚಡ್ಡಿ ಒದ್ದೆ ಆಗತ್ತೆ."

ಹೇಳಿದಂತೆಯೇ ಮಾಡಿದಳು. ಆರಕ್ಕೆ ಸರಿಯಾಗಿ ಪೇಟೆಯಲ್ಲಿ ಎಲ್ಲರನ್ನೂ ಇಳಿಸಿದಳು, ಒಬ್ಬೊಬ್ಬರ ಕೈ ಕುಲುಕಿದಳು, ಮರೆತ ಛತ್ರಿಯೊಂದನ್ನು ಓಡಿಹೋಗಿ ಕೊಟ್ಟು ಬಂದಳು. ಲೂಕಾಸ್ ಚಾಚಿದ ಕೈಯಲ್ಲಿ ಕೀಲಿಕೈ ಇಟ್ಟಳು. ಹದಿನೆಂಟು ವರ್ಷ ಜೇಬಿನಲ್ಲಿದ್ದ ಭಾರ ಒಮ್ಮೆಗೇ ಇಲ್ಲವಾಯಿತು. ಆಗಲೇ ಅವಳಿಗೆ ಹೊಳೆದದ್ದು: ವ್ಯಾನಿಲ್ಲದೆ ರೋಪ್‌ವೇ ಬುಡಕ್ಕೆ ಹೋಗುವುದು ಹೇಗೆ? ಅವಳು ರಸ್ತೆಯ ಕಡೆ ನೋಡಿದ್ದನ್ನು ಲೂಕಾಸನೂ ಕಂಡ.

"ಒಂದಿನ ಕೂಗದಿದ್ರೆ ಏನೂ ಆಗಲ್ಲ ಅಕ್ಕ," ಎಂದ. ಪಾಪ, ಸಮಾಧಾನಕ್ಕೇ ಹೇಳಿದ್ದಿರಬೇಕು.

ಅದಕ್ಕವಳು ಸೊಪ್ಪು ಹಾಕಲಿಲ್ಲ. ಸರ್ಕಾರಿ ಬಸ್ಸು ಹತ್ತಿದಳು. ಅದು ಊರೂರು ಸುತ್ತಿ ಬುಡ ಮುಟ್ಟಿದಾಗ ಏಳು ಹೊಡೆದು ಹನ್ನೆರಡು ನಿಮಿಷ. ಕೊನೆಯ ಪೆಟ್ಟಿಗೆ ಹೊರಟುಹೋಗಿತ್ತು, ಹಗ್ಗ ನಿಂತಿತ್ತು. ಕಾಲುದಾರಿಯಲ್ಲಿ ಬಾಲ್ಮೆನ್‌ಗೆ ಒಂದೂವರೆ ತಾಸು, ಅದೂ ಮಂಡಿ ನೆಟ್ಟಗಿದ್ದವರಿಗೆ.

ಹೊರಟಳು. ಕೆಳಗಿನ ಕಾಡಿನಲ್ಲಿ ಮಂಡಿ ಚುಚ್ಚಿತು, ಕಾಡು ದಾಟಿದ ಮೇಲೆ ಉರಿಯಿತು, ಬಂಡೆಯ ಮೆಟ್ಟಿಲುಗಳಲ್ಲಿ ಕಾಲನ್ನು ಕೈಯಿಂದ ಎತ್ತಿಡಬೇಕಾಯಿತು. ಎತ್ತಿಟ್ಟಳು. ಎದುರು ಬೆಟ್ಟದ ಬಿಸಿಲು ಮೇಲೆ ಮೇಲೆ ಸರಿಯುತ್ತಿತ್ತು. ಕೂರಲಿಲ್ಲ, ಕೂತರೆ ಏಳುವುದಿಲ್ಲವೆಂದು ಗೊತ್ತಿತ್ತು. ದಾರಿಯುದ್ದಕ್ಕೂ ಲೂಕಾಸನನ್ನು ಬೈದಳು. ಒಂದೇ ಬೈಗುಳ ಎರಡು ಸಲ ಬರದಂತೆ ಬೈದಳಂತೆ, ಅದರಿಂದ ದಾರಿ ಸವೆಯಿತಂತೆ.

ಮೇಲೆ ಮುಟ್ಟಿದಾಗ ನೆತ್ತಿಯಲ್ಲಿ ಬೆರಳಗಲ ಬಿಸಿಲಿತ್ತು. ಯೋಸ್ಟ್ ಆಲಿಕೆಯನ್ನು ತೊಳೆದು ತಂದು ಶಿಲುಬೆಯ ಹತ್ತಿರ ನಿಂತಿದ್ದ. ಅವಳು ಬಾರದಿದ್ದರೆ ತಾನೇ ಪಿಸುಗುಟ್ಟುವುದೆಂದು ಆಗಲೇ ಅದನ್ನು ಬಾಯಿಯ ಹತ್ತಿರ ಎತ್ತಿದ್ದ. ತಂಗಿಯನ್ನು ಕಂಡು ಕೆಳಗಿಳಿಸಿದ.

"ಕಾಲು?" ಎಂದಿತು ಅವನ ಪಿಸುದನಿ.

"ಕಾಲಲ್ಲಿ ಕೂಗ್ತಾರೇನೋ ಅಣ್ಣ? ಕೊಡಿಲ್ಲಿ."

ಬಿಸಿಲು ಹೋಯಿತು. ಮೂಡಣಕ್ಕೆ ಕೂಗಿದಳು, ತೆಂಕಣಕ್ಕೆ ಕೂಗಿದಳು, ಪಡುವಣಕ್ಕೆ ಕೂಗಿದಳು. ಏದುಸಿರಿನ ನಡುವೆಯೂ ದನಿ ಬಂಡೆಗೆ ಬಡಿದು ತಿರುಗಿ ಬಂತು. ಹಸುಗಳ ಗಂಟೆಗಳು ಒಂದೊಂದಾಗಿ ನಿಂತವು. ಉಳಿದದ್ದು ಬಡಗಣ. ಆ ಕಡೆಯ ತಗ್ಗಿನಲ್ಲಿ ಸರೋವರ, ಸರೋವರದ ದಂಡೆಯಲ್ಲಿ ಪೇಟೆ, ಪೇಟೆಯ ತುದಿಯಲ್ಲಿ ಟ್ರೆಷ್ ಕಂಪನಿಯ ಅಂಗಳ. ಅಂಗಳದ ದೀಪ ಇಲ್ಲಿಗೂ ಕಾಣುತ್ತದೆ.

ಆ ಕಡೆ ತಿರುಗಲು ಅವಳಿಗೆ ಮನಸ್ಸಿರಲಿಲ್ಲ. ಇವತ್ತು ಮೂರೇ ಸಾಕು, ಅವನ ವ್ಯಾನುಗಳನ್ನು ಅವನೇ ಕಾದುಕೊಳ್ಳಲಿ ಎಂದುಕೊಂಡಳು. ಆಲಿಕೆಯನ್ನು ಅರ್ಧ ಕೆಳಗಿಳಿಸಿದವಳು ಅಲ್ಲೇ ತಡೆದಳು. ಮೂರು ಗಂಟೆಗೆ ಕೂಗಿಸಲಾರದೆ ಹೋದವನು ಈಗ ಕೂಗನ್ನೇ ಮೊಟಕು ಮಾಡಿಸಿಬಿಡುವುದೇ? ಅವನಿಗೋಸ್ಕರ ಅಪ್ಪನ ಕೂಗಿನಲ್ಲಿ ಒಂದು ದಿಕ್ಕು ಕಡಿಮೆಯಾಗುವುದೇ? ಅಷ್ಟು ದೊಡ್ಡವನೇ ಅವನು?

ನೋಯುವ ಕಾಲನ್ನು ಎಳೆದುಕೊಂಡು ಬಡಗಣಕ್ಕೆ ತಿರುಗಿದಳು. ಎದೆ ತುಂಬ ಉಸಿರೆಳೆದು, ಆಲಿಕೆಯನ್ನು ನೇರ ಆ ದೀಪದ ಕಡೆಗೆ ಹಿಡಿದು, ಉಳಿದ ಮೂರು ದಿಕ್ಕಿಗಿಂತಲೂ ಗಟ್ಟಿಯಾಗಿ ಕೂಗಿದಳು.